ನೀಲಿಗೆ ತಿರುಗಿದ ನೌಕಾಪಡೆ

ನೌಕಾಯುದ್ಧಗಳ ಚರಿತ್ರೆ ಬರೆಯುವವರು ಇಲ್ಲಿಯವರೆಗೆ ಗಮನಿಸದೆ ಬಿಟ್ಟಿರುವ ಒಂದು ಘಟನೆಯನ್ನು ಇನ್ನಾದರೂ ದಾಖಲಿಸದೆ ಗತ್ಯಂತರವಿಲ್ಲ. ಒಂದು ಭಾನುವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ, ಶಾಂತವಾದ ಸಮುದ್ರದಲ್ಲಿ, ಉಪ್ಪಿನ ಡಬ್ಬಿಯಿಂದ ಒಂದು ಗೇಣು ಪೂರ್ವಕ್ಕೆ, ಕಿರುಬೆರಳಿನಷ್ಟು ಉದ್ದದ ಒಂದು ಯುದ್ಧನೌಕೆ ಗುಂಡೇಟು ತಿಂದು ಮುಳುಗಿತು. ಸಾವುನೋವಿನ ವಿವರ ತಿಳಿದುಬಂದಿಲ್ಲ. ಸಮುದ್ರವೆಂದರೆ ಊಟದ ಮೇಜಿನ ಮೇಲೆ ಹಾಸಿದ ನೀಲಿ ದುಪ್ಪಟಿ. ಉಪ್ಪಿನ ಡಬ್ಬಿ ಒಂದು ದ್ವೀಪ; ಅದರ ನೆತ್ತಿಯ ಮೇಲೆ ದೀಪಸ್ತಂಭವಿದೆ ಎಂದು ಎರಡೂ ಪಕ್ಷದವರು ಬಹಳ ಹಿಂದೆಯೇ ಒಪ್ಪಿಕೊಂಡಿದ್ದರು.

ಪಕ್ಷಗಳು ಎರಡು. ಒಂದು ಬೈಂಡರು. ಆ ಬೀದಿಯಲ್ಲಿ ಹಾಗೆಂದರೆ ಸಾಕು, ಬೇರೆ ಗುರುತು ಬೇಕಿರಲಿಲ್ಲ. ವಕೀಲರ ಆಫೀಸಿನ ತೀರ್ಪಿನ ಸಂಪುಟಗಳು, ಲೈಬ್ರರಿಯ ಹರಿದ ಕಾದಂಬರಿಗಳು, ಕಾಲೇಜು ಹುಡುಗಿಯರ ಪ್ರಬಂಧಗಳು, ಹೀಗೆ ಊರಿನಲ್ಲಿ ಬೆನ್ನು ಮುರಿದುಕೊಂಡ ಪುಸ್ತಕಗಳೆಲ್ಲ ಕೊನೆಗೆ ಅವರ ಅಂಗಡಿಗೇ ಬಂದು ಬೀಳುತ್ತಿದ್ದವು. ಇನ್ನೊಂದು ಪಕ್ಷ ಅವರ ಹೆಂಡತಿಯ ತಮ್ಮ. ಅವನಿಗೆ ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಕೆಲಸ. ಯಾವ ಬಸ್ಸು ಎಷ್ಟು ನಿಮಿಷ ತಡ ಎಂದು ಬರೆಯುವುದೇ ಅವನ ಉದ್ಯೋಗವಾದ್ದರಿಂದ ಡ್ರೈವರುಗಳಾರೂ ಅವನ ಜೊತೆ ಕಾಫಿ ಕುಡಿಯುತ್ತಿರಲಿಲ್ಲ.

ಈ ಎರಡು ಶಕ್ತಿಗಳ ನಡುವೆ ಒಂದು ತಟಸ್ಥ ದೇಶವೂ ಇತ್ತು. ಮೇಜಿನ ಪಶ್ಚಿಮ ತುದಿಯ ಒಂದೂವರೆ ಅಡಿ ಜಾಗದಲ್ಲಿ ಬೈಂಡರ ಹೆಂಡತಿ ಕೂತು ನಾಲ್ಕನೇ ಕ್ಲಾಸಿನ ಗಣಿತದ ನೋಟ್‌ಬುಕ್ಕುಗಳನ್ನು ತಿದ್ದುತ್ತಿದ್ದರು. ಅವರನ್ನು ಬೀದಿಯವರೆಲ್ಲ ಟೀಚರು ಎನ್ನುತ್ತಿದ್ದರು. ಜಗಳವಾಡುವಾಗ ಗಂಡನೂ ಹಾಗೇ ಅನ್ನುತ್ತಿದ್ದರು. ಅವರ ಕೆಂಪು ಪೆನ್ನಿನ ಈಚೆಗೆ ಯಾವ ಹಡಗೂ ಬರಕೂಡದು, ಅವರ ತಲೆಯ ಮೇಲಿಂದ ಗುಂಡು ಹಾರಕೂಡದು. ಮೂವತ್ತು ವರ್ಷದಲ್ಲಿ ಈ ಒಪ್ಪಂದವನ್ನು ಯಾರೂ ಮುರಿದಿರಲಿಲ್ಲ.

ಹಡಗುಗಳು ದೂರದ ಯಾವುದೋ ದೇಶದಿಂದ ಅಂಚೆಯಲ್ಲಿ, ಬೆಂಕಿಪೊಟ್ಟಣದಷ್ಟು ಚಿಕ್ಕ ಡಬ್ಬಿಗಳಲ್ಲಿ ಬರುತ್ತಿದ್ದವು. ಬಂದಾಗ ಬರೀ ತವರದ ತುಂಡು. ಅಚ್ಚಿನ ಅಂಚುಗಳೆಲ್ಲ ಸಿಪ್ಪೆಯಂತೆ ಅಂಟಿಕೊಂಡಿರುತ್ತಿದ್ದವು. ಬೈಂಡರು ಅದನ್ನು ಸಣ್ಣ ಅರದಿಂದ ಉಜ್ಜಿ, ಸಾಸಿವೆಯಷ್ಟು ತೋಪುಗಳನ್ನು ಚಿಮಟದಲ್ಲಿ ಹಿಡಿದು ಅಂಟಿಸಿ, ನಾಲ್ಕೇ ಕೂದಲಿನ ಕುಂಚದಿಂದ ಬಣ್ಣ ಬಳಿಯುತ್ತಿದ್ದರು. ಅಂಗಡಿಯ ಬೂದಿ ಬಣ್ಣ ಅವರಿಗೆ ಆಗಿಬರುತ್ತಿರಲಿಲ್ಲ. ಅದು ಕಟ್ಟಡದ ಬೂದಿ, ಕಡಲಿನ ಬೂದಿಯಲ್ಲ ಎಂದು ಅವರ ವಾದ. ಬಿಳಿ, ಕಪ್ಪು, ಚೂರೇ ಚೂರು ನೀಲಿ ಕಲಸಿ ಕಣ್ಣಂದಾಜಿನಲ್ಲಿ ತಮ್ಮದೇ ಬೂದಿಯನ್ನು ಮಾಡಿಕೊಳ್ಳುತ್ತಿದ್ದರು. ಭಾವಮೈದ ಮಾತ್ರ ಡಬ್ಬಿಯ ಬಣ್ಣವನ್ನೇ ಬಳಿದು, ಅದು ಒಣಗುವ ಮೊದಲೇ ಯುದ್ಧಕ್ಕೆ ಬರುತ್ತಿದ್ದ.

ಬೈಂಡರ ಬಳಿ ಒಟ್ಟು ನೂರ ನಲವತ್ತು ಹಡಗುಗಳಿದ್ದವು. ಅವನ್ನಿಡಲು ಅವರು ತಾವೇ ರಟ್ಟು ಕೊಯ್ದು, ಕ್ಯಾಲಿಕೊ ಬಟ್ಟೆ ಅಂಟಿಸಿ, ಪುಸ್ತಕದಂಥ ಪೆಟ್ಟಿಗೆಗಳನ್ನು ಮಾಡಿದ್ದರು. ನಡುಮನೆಯ ಕಪಾಟಿನಲ್ಲಿ ಹದಿನಾರು ದಪ್ಪ ಸಂಪುಟಗಳು, ಬೆನ್ನಿನ ಮೇಲೆ ಚಿನ್ನದ ಅಕ್ಷರ. ತೆರೆದರೆ ಒಳಗೆ ಹಾಳೆಯಿಲ್ಲ. ಮಖಮಲ್ಲಿನ ಗುಳಿಗಳಲ್ಲಿ ಹಡಗುಗಳು ನಿದ್ದೆಹೋಗಿರುತ್ತಿದ್ದವು. ಮನೆಗೆ ಬಂದಿದ್ದ ದೂರದ ನೆಂಟರೊಬ್ಬರು ಒಮ್ಮೆ ಓದಲು ಬೇಕೆಂದು ಹಠ ಹಿಡಿದು ಆರನೆಯ ಸಂಪುಟವನ್ನು ಒಯ್ದಿದ್ದರು. ವಾರದ ಮೇಲೆ ತಂದುಕೊಟ್ಟು, “ಬಹಳ ಆಳವಾಗಿ ಬರೆದಿದ್ದಾರೆ” ಎಂದು ಹೇಳಿಹೋದರು.

ಇಷ್ಟೆಲ್ಲ ಆಗಿಯೂ ಬೈಂಡರು ಸಮುದ್ರವನ್ನು ನೋಡಿರಲಿಲ್ಲ. ರೈಲಿನಲ್ಲಿ ಒಂದು ಹಗಲು ಒಂದು ರಾತ್ರಿಯ ದಾರಿ. ಒಂದು ವರ್ಷ ಕಾಲೇಜಿನ ಪ್ರಬಂಧಗಳು ಅಡ್ಡ ಬಂದವು, ಒಂದು ವರ್ಷ ಟೀಚರ ಶಾಲೆಗೆ ಇನ್‌ಸ್ಪೆಕ್ಟರು ಬಂದರು. ಆಮೇಲೆ ಹೋಗುವ ಮಾತೇ ತೆಳ್ಳಗಾಗುತ್ತ ಹೋಯಿತು. ನಿಜ ಹೇಳಬೇಕೆಂದರೆ ಅವರಿಗೆ ಒಳಗೊಳಗೇ ಒಂದು ಅಳುಕೂ ಇತ್ತು. ಇಷ್ಟು ವರ್ಷ ದುಪ್ಪಟಿಯ ಮೇಲೆ ಕಂಡದ್ದಕ್ಕೂ ಅಲ್ಲಿರುವುದಕ್ಕೂ ತಾಳೆಯಾಗದಿದ್ದರೆ ತಪ್ಪು ಯಾರದೆಂದು ಹೇಳುವುದು?

ಹೀಗಿರುವಾಗ, ಎರಡು ವರ್ಷದ ಹಿಂದೆ, ಸಮುದ್ರವೇ ಮನೆಗೆ ಬಂತು.

ಮೊದಲು ಬಂದದ್ದು ಮಂಜು. ಒಂದು ಭಾನುವಾರ ಇಳಿಹೊತ್ತಿನಲ್ಲಿ ಹಡಗುಗಳನ್ನು ಸಾಲಾಗಿ ನಿಲ್ಲಿಸಿ ತಲೆಯೆತ್ತಿದಾಗ ಮೇಜಿನ ಆಚೆಯ ಅಂಚು ಕಾಣಿಸಲಿಲ್ಲ. ದುಪ್ಪಟಿ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಎನ್ನುವುದೆಲ್ಲ ಕರಗಿ ಒಂದೇ ಆಗಿತ್ತು. ಅದರೊಳಗಿಂದ ಭಾವಮೈದನ ಕ್ರೂಸರುಗಳು ಒಂದೊಂದಾಗಿ, ಯಾರೋ ನೆನಪು ಮಾಡಿಕೊಳ್ಳುತ್ತಿರುವ ಹಾಗೆ ಮೂಡಿಬರುತ್ತಿದ್ದವು. ಬೈಂಡರು ಉಸಿರು ಬಿಗಿಹಿಡಿದು ನೋಡಿದರು. ಮರುವಾರವೂ ಮಂಜಿತ್ತು, ಕೊಂಚ ಹೆಚ್ಚೇ ಇತ್ತು. ಆಮೇಲೆ ಬೆಳಕು ಬದಲಾಯಿತು. ಬಲ್ಬಿನ ಸುತ್ತ ಬಳೆ ಬಳೆಯಾಗಿ ಬಣ್ಣ ಕಟ್ಟಿಕೊಂಡು, ಉಪ್ಪಿನ ಡಬ್ಬಿಯ ಮುಚ್ಚಳದ ಮೇಲೆ ಬಿದ್ದ ಹೊಳಪು ಸಾಕ್ಷಾತ್ ದೀಪಸ್ತಂಭವಾಗಿ ಉರಿಯತೊಡಗಿತು. ಅಂಗಡಿಯಲ್ಲೂ ಅಷ್ಟೆ. ಬಿಳಿ ಹಾಳೆಗಳೆಲ್ಲ ಜೇನಿನಲ್ಲಿ ಅದ್ದಿ ತೆಗೆದಂತೆ; ದಿನದ ಯಾವ ಹೊತ್ತಿನಲ್ಲಿ ನೋಡಿದರೂ ಸಂಜೆ ಐದರ ಬಿಸಿಲು. ಸೂಜಿಗೆ ದಾರ ಪೋಣಿಸುವುದನ್ನು ಬೆರಳುಗಳೇ ನೋಡಿಕೊಳ್ಳುತ್ತಿದ್ದವು. ಕಣ್ಣುಗಳು ಸುಮ್ಮನೆ ಆ ಸಂಜೆಯಲ್ಲಿ ತೇಲಿಕೊಂಡಿರುತ್ತಿದ್ದವು.

ಬೈಂಡರು ಇದನ್ನು ಯಾರಿಗೂ ಹೇಳಲಿಲ್ಲ. ಮೂವತ್ತು ವರ್ಷ ಬಿಡದೆ ದಿಟ್ಟಿಸಿದ್ದಕ್ಕೆ ಕೊನೆಗೂ ದುಪ್ಪಟಿ ಕರಗಿದೆ, ತಮಗೆ ಸಲ್ಲಬೇಕಾದದ್ದು ಸಂದಿದೆ ಎಂದೇ ಅವರು ತಿಳಿದರು.

ಟೀಚರಿಗೆ ಬೇರೆ ಸಂಗತಿಗಳು ಕಾಣುತ್ತಿದ್ದವು. ಬೈಂಡರು ಮೆಟ್ಟಿಲಿನ ಕೊನೆಯ ಹಂತವನ್ನು ಕಾಲಿನಿಂದ ಹುಡುಕುತ್ತಿದ್ದರು. ವಕೀಲರ ಸಂಪುಟವೊಂದರ ಬೆನ್ನಿನ ಮೇಲೆ ಚಿನ್ನದ ಅಕ್ಷರಗಳು ಇಳಿಜಾರಿನಲ್ಲಿ ಜಾರಿಹೋಗಿ, ಅದು ಅಂಗಡಿಗೆ ವಾಪಸು ಬಂದಿತ್ತು. ಟೀಚರು ಗಂಡನನ್ನು ಬಲವಂತದಿಂದ ಕಣ್ಣಾಸ್ಪತ್ರೆಗೆ ಕರೆದೊಯ್ದರು. ಎರಡೂ ಕಣ್ಣಿಗೆ ಪೊರೆ ಬಂದಿದೆ, ಬಲಗಣ್ಣಿನದನ್ನು ಬೇಗ ತೆಗೆಸಬೇಕು, ಬಿಟ್ಟರೆ ಕಷ್ಟ ಎಂದು ಡಾಕ್ಟರಮ್ಮ ಹೇಳಿದರು. ಪೊರೆ ತೆಗೆದರೆ ಏನೇನು ಹೋಗುತ್ತದೆ ಎಂದು ಬೈಂಡರು ಕೇಳಿದರು. “ಈ ಮಬ್ಬು ಪೂರ್ತಿ ಹೋಗುತ್ತೆ” ಎಂದು ಆಕೆ ಸಂತೋಷದಿಂದ ಹೇಳಿದರು. ಬೈಂಡರು ಮನೆಗೆ ಬಂದು, ಆ ಡಾಕ್ಟರಿಗೆ ಇನ್ನೂ ವಯಸ್ಸು ಸಾಲದು ಎಂದು ತೀರ್ಮಾನ ಕೊಟ್ಟರು.

“ವಯಸ್ಸಿನ ಮಾತು ಬಿಡಿ. ಕಣ್ಣು ಕಾಣುತ್ತಾ ನಿಮಗೆ?” ಎಂದು ಟೀಚರು ಕೇಳಿದರು.

“ಕಾಣದೆ ಏನು? ಹೋದ ಭಾನುವಾರ ಇಪ್ಪತ್ತೊಂದು ಇಂಚು ಅಂತ ಬರೆದೆ. ಪಟ್ಟಿ ಹಿಡಿದ್ರೆ ಇಪ್ಪತ್ತೊಂದೇ ಬಂತು. ನಿನ್ನ ತಮ್ಮನ್ನೇ ಕೇಳು.”

ತಮ್ಮನನ್ನು ಕೇಳಿದರೆ ಅವನು ಚಾವಣಿ ನೋಡುತ್ತ, “ಹೌದಕ್ಕ, ಬಂತು” ಎಂದ.

ಈ ಇಂಚಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅವರ ಆಟದಲ್ಲಿ ಗುಂಡು ಹಾರಿಸುವವನು ಮೊದಲು ತನ್ನ ಹಡಗಿಗೂ ಗುರಿಯ ಹಡಗಿಗೂ ನಡುವಿನ ದೂರವನ್ನು ಕಣ್ಣಂದಾಜಿನಲ್ಲೇ ಇಂಚುಗಳಲ್ಲಿ ಚೀಟಿಯ ಮೇಲೆ ಬರೆದಿಡಬೇಕು. ಆಮೇಲೆ ಅಳತೆ. ಅಂದಾಜು ಸರಿಯಿದ್ದರೆ ಏಟು ಬಿತ್ತು, ಇಲ್ಲದಿದ್ದರೆ ಗುಂಡು ನೀರುಪಾಲು. ಅಳತೆಪಟ್ಟಿ ಮಾತ್ರ ಹೊಡೆದವನ ಕೈಯಲ್ಲಿ ಇರಕೂಡದು, ಹೊಡೆಸಿಕೊಂಡವನ ಕೈಯಲ್ಲಿರಬೇಕು. ಶತ್ರುವಿನ ಮಾತನ್ನು ನಂಬದಿದ್ದರೆ ಯುದ್ಧವಾಡುವುದೇ ಬೇಡ ಎಂದು ಬೈಂಡರು ಮೊದಲ ದಿನವೇ ಹಾಕಿಕೊಟ್ಟ ಪದ್ಧತಿಯಿದು. ಆಗ ಭಾವಮೈದನಿಗೆ ಇನ್ನೂ ಮೀಸೆ ಬಂದಿರಲಿಲ್ಲ.

ಆದ್ದರಿಂದ ಕಣ್ಣಿನ ವಿಷಯ ಬಂದಾಗಲೆಲ್ಲ ಬೈಂಡರು ಅಳತೆಪಟ್ಟಿಯನ್ನು ಸಾಕ್ಷಿಗೆ ಕರೆಯುತ್ತಿದ್ದರು. ಪಟ್ಟಿ ಅವರ ಪರವಾಗಿಯೇ ಹೇಳುತ್ತಿತ್ತು. ಆಸ್ಪತ್ರೆಯ ಚೀಟಿ ಕನ್ನಡಿಯ ಮೂಲೆಗೆ ಸಿಕ್ಕಿಸಿದಲ್ಲೇ ಇತ್ತು. ಒಮ್ಮೆ ತಾರೀಖು ದಾಟಿಹೋಯಿತು. ಟೀಚರು ಹೋಗಿ ಹೊಸ ತಾರೀಖು ಬರೆಸಿಕೊಂಡು ಬಂದರು. ಅದಕ್ಕಿನ್ನು ನಾಲ್ಕು ದಿನ ಇರುವಾಗ ಆ ಭಾನುವಾರ ಬಂತು.

ಅಂದು ಮಂಜು ಎಂದೂ ಇಲ್ಲದಷ್ಟು ಚೆನ್ನಾಗಿತ್ತು. ಕಿಟಕಿಯ ಪರದೆಯಿಂದ ಬಂದ ಬೆಳಕು ನೀರಿನ ಮೇಲೆ ಹಾಲಿನ ಕೆನೆಯಂತೆ ಹರಡಿಕೊಂಡಿತ್ತು. ಬೈಂಡರು ತಮ್ಮ ಪಡೆಯನ್ನು ದ್ವೀಪದ ಎರಡೂ ಬದಿಯಿಂದ ನುಗ್ಗಿಸಿದ್ದರು. ಆರನೆಯ ಸರದಿಯ ಹೊತ್ತಿಗೆ ಎಲ್ಲ ಹಡಗುಗಳೂ ಎಲ್ಲಿವೆ ಎಂದು ಅವರಿಗೆ ಕಾಣುತ್ತಿರಲಿಲ್ಲ, ಆದರೆ ಇವೆ ಎಂದು ಗೊತ್ತಿತ್ತು. ಸಮುದ್ರದಲ್ಲಿ ಅದೇ ತಾನೇ ಸೊಗಸು! ಎಲ್ಲೋ ದೂರದಲ್ಲಿ ಯಂತ್ರಗಳು ಗುಡುಗುಟ್ಟಿದಂತೆ ಕೇಳಿಸಿತು, ಅದು ಫ್ರಿಜ್ಜು. ಅಷ್ಟರಲ್ಲಿ ದೀಪಸ್ತಂಭದ ಪೂರ್ವಕ್ಕೆ ಒಂದು ಉದ್ದನೆಯ ನೆರಳು, ಮೂತಿ ತಗ್ಗಿಸಿಕೊಂಡು, ಮೆಲ್ಲಗೆ ಮಂಜಿನಿಂದ ಹೊರಬಂತು.

“ಸಿಕ್ಕಿದ ನೋಡು” ಎಂದು ಬೈಂಡರು ಪಿಸುಗುಟ್ಟಿದರು. ಚೀಟಿಯ ಮೇಲೆ ಹದಿನೇಳು ಎಂದು ಬರೆದು ಮಡಿಚಿ ಮುಂದೆ ತಳ್ಳಿದರು. “ಆ ದೊಡ್ಡದಕ್ಕೇ, ಡಬ್ಬಿ ಪಕ್ಕದ್ದು. ಪಟ್ಟಿ ಹಿಡಿ.”

ಭಾವಮೈದ ಎದ್ದು ನಿಂತ. ಪಟ್ಟಿ ಎಳೆಯುವ ಸದ್ದು ಕೇಳಿಸಿತು, ಅರ್ಧಕ್ಕೆ ನಿಂತಿತು.

“ಇದಕ್ಕಾ, ಭಾವ?”

“ಅದಕ್ಕೇ ಕಣಯ್ಯ. ಏನು, ಎದೆ ಡವಡವ ಅಂತಿದೆಯಾ?”

“ಬೇರೆ ಯಾವುದಾದ್ರೂ ನೋಡ್ತೀರಾ? ಈ ಕಡೆ ನನ್ನ ಎರಡು ಡಿಸ್ಟ್ರಾಯರು ಬಂದಿವೆ. ಒಳ್ಳೇ ಜಾಗದಲ್ಲಿವೆ.”

“ಲಂಚ ಕೊಡ್ತಿದ್ದೀಯಾ? ಅಳೀತೀಯೋ ಇಲ್ವೋ?”

ಭಾವಮೈದ ಪಟ್ಟಿ ಹಿಡಿದ, ಚೀಟಿ ಬಿಡಿಸಿ ನೋಡಿದ. “ಹದಿನೇಳು” ಎಂದ. “ಸರಿಯಾಗಿ ಹದಿನೇಳು. ಬಿತ್ತು ಭಾವ.” ದಾಳ ಉರುಳಿಸಿದರೆ ಆರು ಬಿತ್ತು. ಅಂದರೆ ಮುಳುಗಿತು. ಅವನು ಆ ಹಡಗನ್ನು ನಿಧಾನವಾಗಿ ಅಂಗಾತ ತಿರುಗಿಸಿಟ್ಟು, “ಒಳ್ಳೇ ಹಡಗು ಹೋಯ್ತು ನಂದು” ಎಂದು ನಿಟ್ಟುಸಿರು ಬಿಟ್ಟ.

ಕೆಂಪು ಪೆನ್ನು ನಿಂತಿತು. ಪಕ್ಕದವನ ಪುಸ್ತಕ ನೋಡಿ ಬರೆಯುವವರನ್ನು ಮೂವತ್ತು ವರ್ಷ ಹಿಡಿದ ಅನುಭವ ಟೀಚರಿಗಿತ್ತು. ಅವರು ಪೆನ್ನಿನ ಮುಚ್ಚಳ ಹಾಕಿ ಎದ್ದರು. ತಟಸ್ಥ ದೇಶ ಗಡಿ ದಾಟಿ ಸಮುದ್ರಕ್ಕೆ ಕೈಹಾಕಿತು. ಮುಳುಗಿದ ಹಡಗನ್ನು ಎತ್ತಿ ಗಂಡನ ಅಂಗೈಯಲ್ಲಿಟ್ಟಿತು.

“ಇದು ಯಾರದು, ಹೇಳಿ.”

“ಅವನದು. ಈಗ ತಾನೇ ಮುಳುಗಿಸಿದೆ.”

“ನೋಡಬೇಡಿ. ಮುಟ್ಟಿ ಹೇಳಿ.”

ಬೈಂಡರ ಹೆಬ್ಬೆರಳು ಹಡಗಿನ ಮೇಲೆ ಹರಿಯಿತು. ಎರಡನೆಯ ಕಂಬದ ಹತ್ತಿರ ತಡೆಯಿತು. ಆ ಕಂಬ ಅಂಚೆಯಲ್ಲೇ ಮುರಿದು ಬಂದಿತ್ತು. ಅದರ ಜಾಗದಲ್ಲಿ ಪುಸ್ತಕ ಹೊಲಿಯುವ ಸೂಜಿಯ ತುದಿಯನ್ನು ಕತ್ತರಿಸಿ ನಿಲ್ಲಿಸಿದವರು ಅವರೇ. ಬೆರಳು ಅದನ್ನು ಎರಡು ಸಲ, ಮೂರು ಸಲ ಮುಟ್ಟಿತು.

“ನಂದು” ಎಂದರು.

“ಲೋ, ಪಟ್ಟಿ ಹಿಡಿ. ನಾನು ನೋಡ್ತೀನಿ” ಎಂದು ಟೀಚರು ತಮ್ಮನಿಗೆ ಹೇಳಿದರು.

“ಬಿಡಕ್ಕ, ಆಟ ಅದು.”

“ಹಿಡಿ ಅಂದೆ.”

ಪಟ್ಟಿ ಹಿಡಿದರು. ಹತ್ತೊಂಬತ್ತೂವರೆ ಇಂಚು.

ಬೈಂಡರು ಹಡಗನ್ನು ಕೈಬಿಡದೆ ಕೇಳಿದರು: “ಎಷ್ಟು ದಿನದಿಂದ ಹೀಗೆ?”

“ಒಂದೂವರೆ ವರ್ಷ ಆಗಿರಬಹುದು, ಭಾವ.”

“ನಾನು ಹೊಡೆದ ಏಟೆಲ್ಲಾ ಸುಳ್ಳಾ?”

“ಛೇ, ಎಲ್ಲಾ ಅಲ್ಲ. ಕೆಲವು ನಿಜವಾಗ್ಲೂ ಬಿದ್ವು.”

“ಎಷ್ಟು?”

ಭಾವಮೈದ ಪ್ರಾಮಾಣಿಕವಾಗಿ ನೆನಪು ಮಾಡಿಕೊಂಡ. “ಮೂರು.”

“ಬಸ್ಸು ಅರ್ಧ ನಿಮಿಷ ತಡ ಆದ್ರೂ ಬರೆಯೋನು ನೀನು!”

“ಬಸ್ಸು ನನ್ನ ಭಾವ ಅಲ್ವಲ್ಲ” ಎಂದ ಅವನು, ಪಟ್ಟಿಯನ್ನು ಸುತ್ತುತ್ತ. ಸುತ್ತಿದ್ದು ಮತ್ತೆ ಬಿಚ್ಚಿಕೊಂಡಿತು.

ಟೀಚರು ಬಿಡಲಿಲ್ಲ. ತಪ್ಪು ಲೆಕ್ಕದ ಬೇರು ಸಿಗುವ ತನಕ ಅವರು ಹಾಳೆ ತಿರುಗಿಸುವವರಲ್ಲ. “ಇನ್ನೊಂದೂ ಇವತ್ತೇ ಆಗಿಹೋಗಲಿ. ನಿಮ್ಮ ಹಡಗಿನ ಬಣ್ಣ ಯಾವುದು?”

“ಬೂದಿ.”

“ನೀಲಿ ರೀ. ಅಚ್ಚ ನೀಲಿ. ಹೋದ ವರ್ಷ ಎಲ್ಲಾದಕ್ಕೂ ಹೊಸ ಬಣ್ಣ ಬಳಿದ್ರಲ್ಲ, ಆವಾಗಿಂದ. ಬಟ್ಟೆ ಮೇಲಿಟ್ರೆ ನನಗೇ ಕಾಣಲ್ಲ.”

“ಬೂದಿ ಕಣೇ. ನಾನೇ ಕಲಸಿದ್ದು.”

“ನೀಲಿನೇ, ಭಾವ” ಎಂದು ಭಾವಮೈದ ಬಹಳ ಮೆತ್ತಗೆ ಹೇಳಿದ. “ಮೊದಲು ಸ್ವಲ್ಪ ಇತ್ತು. ಒಂದೊಂದು ಹಡಗಿಗೂ ಜಾಸ್ತಿ ಆಗ್ತಾ ಬಂತು. ಈಗ ಶಾಯಿ ಥರ ಇದೆ.”

ಬೈಂಡರು ಅರ್ಥ ಮಾಡಿಕೊಳ್ಳುತ್ತ ಕೂತರು. ಜಗತ್ತಿಗೆ ಜೇನು ಬಳಿದ ಕಣ್ಣು ಬೂದಿಗೂ ಜೇನು ಬಳಿದಿತ್ತು. ಅದನ್ನು ಮತ್ತೆ ಬೂದಿಯಾಗಿಸಲು ಅವರು ಹನಿ ಹನಿಯಾಗಿ ನೀಲಿ ಬೆರೆಸುತ್ತ ಹೋಗಿದ್ದರು. ನೂರ ನಲವತ್ತು ಹಡಗುಗಳನ್ನು ನಾಲ್ಕು ಕೂದಲಿನ ಕುಂಚದಲ್ಲಿ, ಅಷ್ಟು ಶ್ರದ್ಧೆಯಿಂದ, ಸಮುದ್ರದೊಳಗೆ ಮಾಯಮಾಡಿದ್ದರು.

“ಹಾಗಾದ್ರೆ ನಿಮಗ್ಯಾರಿಗೂ ಮಂಜು ಕಾಣಲ್ವಾ?” ಎಂದು ಕೇಳಿದರು.

“ಯಾವ ಮಂಜು?” ಎಂದು ಇಬ್ಬರೂ ಒಟ್ಟಿಗೆ ಕೇಳಿದರು.

ಆಗ ಬೈಂಡರು ಹೇಳಿದರು. ಮೇಜಿನ ಅಂಚು ಕರಗಿದ್ದು, ಕ್ರೂಸರುಗಳು ನೆನಪಿನಂತೆ ಮೂಡುತ್ತಿದ್ದದ್ದು, ಬಲ್ಬಿನ ಸುತ್ತಲಿನ ಬಳೆಗಳು, ಉಪ್ಪಿನ ಡಬ್ಬಿಯ ಮೇಲೆ ಉರಿಯುವ ದೀಪ, ಮುಗಿಯದೆ ಉಳಿದ ಸಂಜೆ. “ಪೊರೆ ತೆಗೆದ್ರೆ ಅದೆಲ್ಲ ಹೋಗುತ್ತಂತೆ. ಡಾಕ್ಟರಮ್ಮನೇ ಹೇಳಿದ್ಲು. ಅದಕ್ಕೇ ಬೇಡ ಅಂತಿದ್ದೆ” ಎಂದು ಮುಗಿಸಿದರು.

“ಅಷ್ಟು ಚೆನ್ನಾಗಿದೆಯಾ ಭಾವ?”

“ಚೆನ್ನಾಗಿದೆ ಕಣಯ್ಯ.”

ಟೀಚರು ಗಂಡನ ಪಕ್ಕದ ಕುರ್ಚಿಯನ್ನು ಎಳೆದುಕೊಂಡು ಕೂತರು. ತಮ್ಮ ದಪ್ಪ ಕನ್ನಡಕವನ್ನು ತೆಗೆದು ಮಡಿಲಲ್ಲಿಟ್ಟುಕೊಂಡರು. ಗದ್ದವನ್ನು ದುಪ್ಪಟಿಯ ಮಟ್ಟಕ್ಕೆ ತಂದು, ಕಣ್ಣು ಕಿರಿದು ಮಾಡಿ, ದ್ವೀಪದ ಕಡೆ ತುಂಬ ಹೊತ್ತು ನೋಡಿದರು.

“ಸ್ವಲ್ಪ ಕಾಣುತ್ತೆ” ಎಂದರು.

“ದೀಪ?”

“ದೀಪನೂ. ಮಸುಕಾಗಿ.” ಆಮೇಲೆ ಕನ್ನಡಕ ಹಾಕಿಕೊಳ್ಳುತ್ತ, “ಆದ್ರೆ ಇದರಲ್ಲಿ ನಿಮ್ಮ ಹಡಗು ಒಂದೂ ಇಲ್ಲ, ರೀ” ಎಂದರು.

ಬೈಂಡರು ಸಮುದ್ರವನ್ನು ನೋಡಿದರು. ಅದು ಎಂದಿನಂತೆ ಅಗಾಧವಾಗಿ, ಮೃದುವಾಗಿ, ತೀರವಿಲ್ಲದೆ ಹಬ್ಬಿಕೊಂಡಿತ್ತು. ಅದರಲ್ಲಿ ತಮ್ಮ ಒಂಬತ್ತು ಹಡಗುಗಳಿರಬೇಕಿತ್ತು. ಅವರು ಹುಡುಕಿದರು. ಭಾವಮೈದನ ಕಟ್ಟಡದ ಬೂದಿಯ ಹಡಗುಗಳು ಒಂದೆರಡು ಸಿಕ್ಕವು. ತಮ್ಮದು ಸಿಗಲಿಲ್ಲ. ಕೈಯಲ್ಲಿದ್ದದ್ದು ಒಂದೇ, ಅದನ್ನು ಹೊಡೆದು ಮುಳುಗಿಸಿದವರು ತಾವೇ.

“ಆಟ ನೀನೇ ಗೆದ್ದೆ. ಹೋದ ಒಂದೂವರೆ ವರ್ಷದ್ದೂ ನೀನೇ ಗೆದ್ದೆ” ಎಂದು ಭಾವಮೈದನಿಗೆ ಹೇಳಿದರು.

“ಅದೆಲ್ಲ ಬೇಡ ಭಾವ.”

“ಸುಮ್ನಿರು. ಸೋತೋನು ನಾನು, ನಾನು ಹೇಳ್ತಿದ್ದೀನಿ.” ಹೆಂಡತಿಯ ಕಡೆ ತಿರುಗಿದರು. “ಗುರುವಾರ ಎಷ್ಟು ಗಂಟೆಗೆ ಬರಬೇಕಂತೆ?”

“ಒಂಬತ್ತಕ್ಕೆ. ಬೆಳಗ್ಗೆ ಏನೂ ತಿನ್ನಬಾರದಂತೆ.”

“ಅದೊಂದು ಬೇರೆ.”

ಬುಧವಾರ ಬೈಂಡರು ಅಂಗಡಿಯನ್ನು ಬೇಗ ಮುಚ್ಚಿ ಮನೆಗೆ ಬಂದರು. ಭಾನುವಾರವಲ್ಲದಿದ್ದರೂ ಟೀಚರು ದುಪ್ಪಟಿ ಹಾಸಿಟ್ಟಿದ್ದರು, ಉಪ್ಪಿನ ಡಬ್ಬಿಯನ್ನೂ ಇಟ್ಟಿದ್ದರು. ಅಡುಗೆಗೆ ಉಪ್ಪನ್ನು ಒಂದು ಬಟ್ಟಲಿಗೆ ಸುರಿದುಕೊಂಡಿದ್ದರು. ಹಡಗುಗಳನ್ನು ಯಾರೂ ತೆಗೆಯಲಿಲ್ಲ. ಬೈಂಡರು ಕುರ್ಚಿಯಲ್ಲಿ ಕೂತು ಬರೀ ನೀರನ್ನು ನೋಡಿದರು. ಹೊರಗೆ ಬೆಳಕು ಇಳಿದಂತೆ ಮಂಜು ದಟ್ಟವಾಗುತ್ತ ಬಂದು ಮೊದಲು ದ್ವೀಪವನ್ನು, ಆಮೇಲೆ ದೀಪವನ್ನು, ಆಮೇಲೆ ಮೇಜಿನ ಮೇಲಿದ್ದ ಅವರ ಎರಡು ಕೈಗಳನ್ನೂ ತೆಗೆದುಕೊಂಡಿತು. ಎಲ್ಲಿಂದಲೋ ಒಂದು ಹಡಗು ಕೂಗಿದಂತಾಯಿತು. ಬೀದಿಯಲ್ಲಿ ಯಾವುದೋ ಬಸ್ಸಿನ ಹಾರ್ನು ಇರಬೇಕು. ಟೀಚರು ಬಾಗಿಲಲ್ಲಿ ನಿಂತಿದ್ದರು. ದೀಪ ಹಾಕಲೇ ಎಂದು ಕೇಳಬೇಕೆಂದುಕೊಂಡವರು ಕೇಳಲಿಲ್ಲ.

ಗುರುವಾರ ಬಲಗಣ್ಣಿನ ಪೊರೆ ತೆಗೆಯಲು ಹದಿನೆಂಟು ನಿಮಿಷ ಹಿಡಿಯಿತು. ಎಡಗಣ್ಣಿನದನ್ನು ಆರು ವಾರದ ಮೇಲೆ ತೆಗೆದರು. ನೂರ ನಲವತ್ತು ಹಡಗುಗಳಿಗೆ ಮತ್ತೆ ಬೂದಿ ಬಣ್ಣ ಬಳಿಯುವುದು ಏಳು ತಿಂಗಳಲ್ಲಿ ಮುಗಿಯಿತು.